ಬಟನ್ನಿನ ಕುಂಕುಮ

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಸಾಜಿಯಾ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗಾಜಿನ ಗೋಡೆಯಾಚೆ, ಸಂಜೆ ಮನೆಗೆ ಹೊರಟಿದ್ದ ಗುಮಾಸ್ತೆ ರೋಹಿಣಿ ಬಂದ್ ಮಾಡಿದ ಕಂಪ್ಯೂಟರ್ ಐದನೆಯ ಸಲವೂ ತಾನೇ ಚಾಲೂ ಆಯಿತು. ಅವಳು ಅಂಗಡಿಯ ಸಾವ್ಕಾರರತ್ತ ತಿರುಗಿದಳು.

“ಸಾವ್ಕಾರ್ರ, ದಸರಾ ಪೂಜಾದಾಗ ಇದರ ಬಟನ್ನಿಗೆ ಹಚ್ಚಿದ ಗಂಧ, ಕುಂಕುಮ ಒಣಗಿ ಬಟನ್ ಒಳಗ ಸಿಕ್ಕೊಂಡೈತ್ರಿ. ಕೆರದು ತೆಗೀಲೇನ್ರಿ?”

“ದೇವರ ಕುಂಕುಮ ಕೆರೀತಿಯೇನವಾ?”

“ಹಂಗಾರ ಪ್ಲಗ್ ಕಿತ್ತು ಹೋಗ್ಲೇನ್ರಿ?”

“ಕಿತ್ರ ಒಳಗಿಂದೆಲ್ಲ ಅಳಿಸಿ ಹೋಗತೈತಿ. ಬಂದ್ ಆಗೂತನಕ ಕುಂದ್ರು. ನಿನ್ನ ಕೂಸಿನಂಗ ಐತಿ ನೋಡು, ಮಲಗಿಸಿದಷ್ಟೂ ಏಳತೈತಿ.”

“ಆ ಕೂಸು ಹಾಲಿಗೆ ಅಳತಿರತೈತ್ರಿ. ಈ ವಾರ ಮೂರು ಸಲ ನಮ್ಮೂರಿನ ಕಾಗಿನೆಲಿ ಬಸ್ ತಪ್ಪೇತ್ರಿ.”

ಸಾವ್ಕಾರರು ನಗುತ್ತ ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಹಾಲಿಳಿದು ಒದ್ದೆಯಾದ ಕುಪ್ಪಸದ ಮೇಲೆ ಸೆರಗೆಳೆದುಕೊಳ್ಳುತ್ತ ರೋಹಿಣಿ ಬಾಗಿಲವರೆಗೆ ಓಡಿದ್ದನ್ನು ಸಾಜಿಯಾ ನೋಡಿದಳು.

“ಇವತ್ತೊಂದಿನ ಬಸ್ಸಿಗೆ ಬಿಡ್ರಿ, ಸಾವ್ಕಾರ್ರ,” ರೋಹಿಣಿ ಬಾಗಿಲಿನಿಂದಲೇ ಕೂಗಿದಳು.