ಪರ್ಪೆಟುವಾದ ಹದಿಮೂರನೇ ಕಾಗದ

...ನಮ್ಮ ಮನೆತನದಲ್ಲಿ ಸುಳ್ಳು ಹೇಳಿದವರು ಇಲ್ಲ, ಪುಷ್ಪಾ. ಅದನ್ನ ಮೊದಲು ತಲೆಯಲ್ಲಿ ಇಟ್ಟುಕೋ, ಆಮೇಲೆ ಬೇಕಾದರೆ ಹುಬ್ಬು ಏರಿಸು. ನಮ್ಮ ತಾತ ಚನ್ನಬಸವಣ್ಣನವರು ಈ ಹುಣಸೂರಿನ ಸುತ್ತ ಹೊಗೆಸೊಪ್ಪು ಬೇಯಿಸಿ ಒಣಗಿಸೋ ಬ್ಯಾರನ್ ಕಟ್ಟಿಸಿದವರಲ್ಲಿ ಮೊದಲಿಗರು. ಗಾವಡಗೆರೆಯಲ್ಲಿ ಶಾಲೆಗೆ ಎರಡು ಕೊಠಡಿ ಕೊಟ್ಟವರು. ಚುಂಚನಕಟ್ಟೆ ಕಡೆ ಗದ್ದೆ ನೀರಿಗೆ ಜಗಳ ಬಿದ್ದರೂ ಜನ ಗಾಡಿ ಕಟ್ಟಿಕೊಂಡು ಇವರ ಹತ್ತಿರವೇ ಬರ್ತಿದ್ದರು. ‘ಚನ್ನಬಸವಣ್ಣೋರು ಏಳುದ್ರಾ? ಅಂಗಾರೆ ಸರಿ ಬುಡು!’ ಅಷ್ಟೇ, ಪಂಚಾಯ್ತಿ ಮುಗೀತು. ಅಂಥವರ ಮೊಮ್ಮಗಳು ನಾನು. ನಿಮ್ಮಪ್ಪ ದೇವಯ್ಯ ನಮ್ಮ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕ್ತಿದ್ದ. ಅವನ ಮಗಳು ಚುರುಕಾಗಿದ್ದಾಳೆ ಅಂತ ನೋಡಿ, ನನ್ನ ಜೊತೆಗೇ ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿಗೆ ಸೇರಿಸಿದವರು ಯಾರು? ಹಾಂ. ತಲೆ ಆಡಿಸಿದೆಯಲ್ಲ, ಅಷ್ಟು ಸಾಕು.

ಕುರ್ಚಿಯ ತುದಿಯಲ್ಲಿ ಕೂರಬೇಡ. ಇದೇನು ಬಸ್‌ಸ್ಟ್ಯಾಂಡೇ? ಬ್ಯಾಗು ಯಾಕೆ ತೊಡೆ ಮೇಲೆ ಇಟ್ಟುಕೊಂಡೆ? ಭಾನುವಾರದವರೆಗೆ ಇರ್ತೀನಿ ಅಂದಿದ್ದೆ. ಇವತ್ತು ಗುರುವಾರ. ನಿಮ್ಮೂರಿನ ಕಡೆ ಹೋಗೋ ಕೋಟೆ ಬಸ್ಸು ನಾಲ್ಕೂವರೆಗೆ ಇದೆ ಅಂತ ಅಡುಗೆಯವಳ ಹತ್ತಿರ ಕೇಳಿದ್ದೀಯಂತೆ. ನನ್ನ ಹತ್ತಿರ ಯಾಕೆ ಕೇಳಲಿಲ್ಲ?

ಸರಿ. ಹೇಳಬೇಡ.

ಶ್ರುತೀ! ಆ ಟಿವಿ ಆರಿಸು. ಎಲ್ಲ ಮುಗಿದ ಮೇಲೆ ಹೆಸರುಗಳು ಮೇಲಕ್ಕೆ ಹೋಗೋದನ್ನ ನೋಡಿಕೊಂಡು ಯಾರಿಗೇನಾಗಬೇಕು? ...ಮೊಮ್ಮಗಳು ಒಳ್ಳೆಯವಳೇ, ಆದರೆ ರಿಮೋಟು ಹಿಡಿದ ಕೈಯಲ್ಲೇ ಚಕ್ಕುಲಿ ತಿಂತಾಳೆ. ಅವಳೇ ಹುಡುಕಿ ಹಾಕಿಕೊಟ್ಟಳು ಅಂತ ನಿನ್ನ ಕರೆಸಿದೆ. ‘ಪುಷ್ಪಾ, ನಮ್ಮ ಹಾಸ್ಟೆಲ್ ಕಾಲದ ಸೀರಿಯಲ್ಲು ಪರ್ಪೆಟುವಾ ಸಿಕ್ಕಿದೆ ಕಣೇ, ಕೊನೇ ಸೀಸನ್ನು, ಹದಿಮೂರು ಕಂತೂ ಇದೆ, ಬಾ’ ಅಂತ ನಾನೇ ಫೋನ್ ಮಾಡಿದೆ. ಸುಳ್ಳು ಹೇಳಿದವಳಾಗಿದ್ದರೆ ಕರೀತಿದ್ದೆನಾ? ನೀನೇ ಹೇಳು.

ಯಾಕೆ ನಗ್ತಿದ್ದೀಯ?

ನೀನು ನಕ್ಕೆ. ನಾನು ನೋಡಿದೆ. ತುಟಿಯ ಎಡಗಡೆ.

ನೋಡು, ನಾನು ನಾಲ್ಕು ದಿನದಿಂದ ಹೇಳ್ತಾ ಇದ್ದೀನಿ, ಇದು ಅಸಲಿ ಅಲ್ಲ. ಆ ಕಾಲದಲ್ಲಿ ಬಂದದ್ದೇ ಬೇರೆ. ಕಂಪನಿಯವರು ಹಳೇ ಟೇಪು ಕಳೆದುಕೊಂಡು, ಆಮೇಲೆ ಯಾರನ್ನೋ ಹಿಡಿದು ಮತ್ತೆ ತೆಗೆದಿದ್ದಾರೆ. ಕಾಣಿಸಲಿಲ್ವಾ ನಿನಗೆ? ಹಡಗಿನ ಬಾಗಿಲು ಹಾಕಿದರೆ ಗೋಡೆಯೇ ಅಲ್ಲಾಡುತ್ತೆ! ಎಂಜಿನ್ನು ಅಂತೆ ಎಂಜಿನ್ನು. ಒಂದು ಪ್ಲಾಸ್ಟಿಕ್ ಡಬ್ಬ, ಒಳಗೆ ಒಂದು ನೀಲಿ ಬಲ್ಬು. ಅದರಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗ್ತಾರಂತೆ. ಅದರಲ್ಲಿ ಕೆ.ಆರ್. ನಗರಕ್ಕೂ ಹೋಗೋಕಾಗಲ್ಲ. ಶ್ರುತಿ ಹತ್ತಿರ ಇಂಗ್ಲೆಂಡಿಗೆ ಮೇಲ್ ಬರೆಸ್ತೀನಿ. ಪ್ರೇಕ್ಷಕರಿಗೆ ಆದ ಮೋಸಕ್ಕೆ ಬೇಷರತ್ ಕ್ಷಮೆ ಕೇಳತಕ್ಕದ್ದು. ಒಕ್ಕಣೆ ಆಗಲೇ ಯೋಚಿಸಿಟ್ಟಿದ್ದೀನಿ.

ಆ ಕಾಗದದ ಕಟ್ಟು ಕೆಳಗಿಡು.

ನನಗೆ ಅದೇ ಸರಿಬರಲಿಲ್ಲ, ಪುಷ್ಪಾ. ನೀನು ಅವನ್ನ ಇಟ್ಟುಕೊಂಡಿದ್ದೀಯ ಅಂತಲೇ ನನಗೆ ಗೊತ್ತಿರಲಿಲ್ಲ. ಮೂವತ್ತೊಂಬತ್ತು ವರ್ಷದ ಹಿಂದೆ ನಾನು ಬರೆದ ಇನ್‌ಲ್ಯಾಂಡ್ ಲೆಟರುಗಳು! ನಿಮ್ಮ ಅಂತರಸಂತೆಯಲ್ಲಿ ಗೆದ್ದಲು ಇಲ್ವಾ? ಸೋಮವಾರ ಬಂದು ಕೂತವಳು, ಮೊದಲನೇ ಕಂತು ಮುಗೀತಿದ್ದ ಹಾಗೆ ಬ್ಯಾಗಿನಿಂದ ಒಂದು ಕಾಗದ ತೆಗೆದೆ, ಓದಿದೆ, ಮಡಿಸಿ ಇಟ್ಟೆ. ಎರಡನೇ ಕಂತು, ಎರಡನೇ ಕಾಗದ. ಮೂರನೇದು. ಪರೀಕ್ಷೆ ಪೇಪರು ತಿದ್ದೋರ ಹಾಗೆ. ಮನೆಗೆ ಬಂದವರು ಹೀಗೆ ಮಾಡೋದು ಸಭ್ಯತೆ ಅಲ್ಲ. ಸಿಸ್ಟರ್ ಅಲೋಶಿಯಾ ಇದ್ದಿದ್ದರೆ ಹೇಳ್ತಿದ್ದರು.

ಸಿಸ್ಟರ್ ನೆನಪಿದ್ದಾರಾ? ಪಾಪ. ಲಂಡನ್ನಿನಿಂದ ಅವರ ಅಣ್ಣ ವಿಡಿಯೋ ಕ್ಯಾಸೆಟ್ ಕಳಿಸಿದಾಗ, ‘ಪರ್ಪೆಟುವಾ’ ಅಂತ ಹೆಸರು ನೋಡಿ, ಯಾವುದೋ ಸಂತಳ ಜೀವನಚರಿತ್ರೆ ಅಂತ ತಿಳಿದು ನಮ್ಮನ್ನೆಲ್ಲ ಕೂರಿಸಿದರು. ಅದು ಆಕಾಶದ ಹಡಗು ಅಂತ ಗೊತ್ತಾಗೋ ಹೊತ್ತಿಗೆ ಎರಡು ಸೀಸನ್ ಆಗಿಹೋಗಿತ್ತು. ಮೂರನೇದು ಉಚ್ಚಾರಣೆಗೆ ಒಳ್ಳೇದು ಅಂತ ಬಿಟ್ಟರು. ಪ್ರತಿ ಶನಿವಾರ ಮಧ್ಯಾಹ್ನ. ಕ್ಯಾಪ್ಟನ್ ಆರ್ಡ್ಲಿ ನನಗೆ ಇಷ್ಟ. ಮೆಕ್ಯಾನಿಕ್ ಮಿಸ್ ಪೆಲ್ಹಮ್ ನಿನಗೆ. ನೀನು ಸ್ನಾನದ ಮನೆಯ ನಲ್ಲಿ ಬಿಚ್ಚಿ ಮತ್ತೆ ಜೋಡಿಸಿದ್ದು ಅವಳನ್ನ ನೋಡಿಯೇ. ನಿನ್ನ ಇಂಗ್ಲಿಷ್ ಕೇಳಿ ಸಿಸ್ಟರ್ ಹೇಳ್ತಿದ್ದರಲ್ಲ, ಈ ಹುಡುಗಿ ಬಹಳ ದೂರ ಹೋಗ್ತಾಳೆ ಅಂತ.

ಹೋದೆ. ಅಂತರಸಂತೆಗೆ.

ತಮಾಷೆಗೆ ಅಂದೆ. ಅಂಗನವಾಡಿ ಕೆಲಸ ಏನು ಕಡಿಮೆಯದೇ? ನಾನು ಹಾಗೆ ಅಂದೆನಾ?

ಕೊನೇ ಸೀಸನ್ನು ಬಂದಾಗ... ಅದು ಇಬ್ಬರಿಗೂ ಗೊತ್ತಿರೋ ಸಂಗತಿ, ಮತ್ತೆ ಯಾಕೆ. ಶನಿವಾರದವರೆಗೆ ಕಾಯೋಕೆ ಆಗಲಿಲ್ಲ. ಎಲ್ಲರೂ ಚಾಪೆಲ್‌ನಲ್ಲಿ ಪ್ರಾರ್ಥನೆಗೆ ಜಪಸರ ಹಿಡಿದಿದ್ದಾಗ ನಾವಿಬ್ಬರೂ ಟಿವಿ ರೂಮಿನ ಬೀಗ ತೆಗೆದು ಒಳಗೆ ನುಗ್ಗಿದೆವು. ಹತ್ತು ನಿಮಿಷ ನೋಡಿದೆವು. ಹಡಗಿನ ಬಾಗಿಲನ್ನ ಯಾರೋ ತೆಗೆದುಬಿಟ್ಟಿದ್ದಾರೆ, ಅರ್ಧ ಗಾಳಿ ಹೊರಗೆ ಹೋಗಿದೆ. ತಪ್ಪು ಮಿಸ್ ಪೆಲ್ಹಮ್ ಮೇಲೆ. ಅವಳನ್ನ ಒಂದು ಬೋಳು ಗ್ರಹದ ಮೇಲೆ ಇಳಿಸ್ತಾರೆ, ಕೈಯಲ್ಲಿ ಒಂದು ಲಾಟೀನು, ಒಂದು ಡಬ್ಬ ಬಿಸ್ಕತ್ತು. ಅಷ್ಟರಲ್ಲಿ ಸಿಸ್ಟರ್ ಚಪ್ಪಲಿ ಸದ್ದು. ಕಿಟಕಿಯಿಂದ ಹಾರಿದೆವು.

ಮಾರನೇ ದಿನ ಟ್ರಂಕುಗಳ ತಪಾಸಣೆ. ಆ ರೂಮಿನ ಕೀ ನಿನ್ನ ಟ್ರಂಕಿನಲ್ಲಿ ಸಿಕ್ಕಿತು.

ಬಿದ್ದಿರಬೇಕು. ನಾನು ಆವತ್ತೂ ಅದನ್ನೇ ಹೇಳಿದೆ. ನಿನ್ನ ಟ್ರಂಕಿನ ಮೇಲೆ ಕೂತು ಮಾತಾಡ್ತಿದ್ದೆವಲ್ಲ, ಆಗ ಜಾರಿ ಬಿದ್ದಿರಬೇಕು. ಕೀ ಅಂದರೆ ಜಾರೋ ವಸ್ತು. ಸಿಸ್ಟರ್ ಕೇಳಿದಾಗ ನೀನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಗೋಡೆ ನೋಡಿಕೊಂಡು ನಿಂತೆ, ಈಗ ಕೂತಿದ್ದೀಯಲ್ಲ, ಥೇಟ್ ಹೀಗೇ. ನಿನ್ನ ಹಾಸ್ಟೆಲ್ಲಿನಿಂದ ತೆಗೆದರು. ತಾತನವರು ಸಿಸ್ಟರಿಗೆ ಇನ್ನೊಂದು ಸಲ ಹೇಳಿ ನೋಡ್ತೀನಿ ಅಂದರು. ನಿಮ್ಮಪ್ಪನೇ ಒಪ್ಪಲಿಲ್ಲ. ‘ದೊಡ್ಡೋರ ಮುಂದೆ ತಲೆ ಎತ್ತೋ ಅಂಗಿಲ್ಲ ಬುಡವ್ವ, ಓದಿದ್ದು ಸಾಕು’ ಅಂತ ಕರೆದುಕೊಂಡು ಹೋದ.

ಕಾಫಿ ಆರ್ತಾ ಇದೆ.

ಆಮೇಲೆ ನೀನೇ ತಾನೇ ಬರೆದದ್ದು? ‘ಗೌರಾ, ನೀನಾದರೂ ಪೂರ್ತಿ ನೋಡಿ ನನಗೆ ಬರಿ. ಮಿಸ್ ಪೆಲ್ಹಮ್ ಏನಾದಳು?’ ಬರೆದೆ. ವಾರಕ್ಕೊಂದು. ಶನಿವಾರ ನೋಡೋದು, ಭಾನುವಾರ ಬರೆಯೋದು. ಹದಿಮೂರು ವಾರ ಒಂದೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಬರೆದೆ. ಅಂಥ ಉಪಕಾರ ಯಾರು ಮಾಡ್ತಾರೆ?

ಈಗ ಟಿವಿಯಲ್ಲಿ ಬೇರೆ ಏನೋ ಬಂದರೆ ಅದಕ್ಕೆ ನಾನು ಹೊಣೆಯಾ?

ಏನು, ತಲೆ ಹಾಗೆ ಆಡಿಸ್ತೀಯ... ಸರಿ. ಸರಿ! ಶನಿವಾರ ನೋಡ್ತಿರಲಿಲ್ಲ. ಸಿಸ್ಟರ್ ಆ ಕ್ಯಾಸೆಟ್ಟುಗಳನ್ನ ಮಾರನೇ ದಿನವೇ ಲಂಡನ್ನಿಗೆ ವಾಪಸ್ ಕಳಿಸಿದರು. ಯಾರೂ ನೋಡಲಿಲ್ಲ. ಆಯ್ತಾ? ಸಮಾಧಾನ ಆಯ್ತಾ? ಅದನ್ನ ಸುಳ್ಳು ಅಂತ ಕರೆಯೋಕೆ ಬರೋದಿಲ್ಲ. ನೀನು ಕತೆ ಕೇಳಿದೆ, ನಾನು ಕಟ್ಟಿ ಕೊಟ್ಟೆ. ಬೆಲ್ಲ ಇಲ್ಲದಿದ್ದರೆ ಸಕ್ಕರೆ ಹಾಕ್ತೀವಿ.

ನನ್ನ ಸೀಸನ್ನು ಇದಕ್ಕಿಂತ ಚೆನ್ನಾಗಿತ್ತು, ಅದನ್ನಾದರೂ ಒಪ್ಪಿಕೋ. ಇವರು ಏನು ಮಾಡಿದರು ನೋಡು! ಮಿಸ್ ಪೆಲ್ಹಮ್‌ಳನ್ನ ಇಳಿಸಿದವರು ಇಳಿಸಿಯೇ ಬಿಟ್ಟರು. ಎರಡನೇ ಕಂತಿನಲ್ಲಿ ಅವಳ ಮಾತಿಲ್ಲ. ಮೂರರಲ್ಲಿ ಇಲ್ಲ. ಹದಿಮೂರು ಕಂತು ಕಾದೆ ನಾನು, ಈಗ ಹೋಗ್ತಾರೆ, ಈಗ ಹೋಗಿ ಕರೆದುಕೊಂಡು ಬರ್ತಾರೆ ಅಂತ. ಅವಳ ಸೀಟಿನಲ್ಲಿ ಬೇರೆ ಯಾರೋ ಹುಡುಗಿ ಕೂತು ಗುಂಡಿ ಒತ್ತುತ್ತಾಳೆ. ಕ್ಯಾಪ್ಟನ್ ಆರ್ಡ್ಲಿ ಒಂದೇ ಒಂದು ಸಲ ಅವಳ ಹೆಸರು ಎತ್ತಲಿಲ್ಲ. ಊಟ ಮಾಡ್ತಾನೆ, ಚದುರಂಗ ಆಡ್ತಾನೆ. ಕೊನೆಗೆ ಹಡಗು ಸಿಡೀತು, ಮುಗೀತು. ಬಾಗಿಲು ತೆಗೆದವರು ಯಾರು ಅಂತಲೂ ಹೇಳಲಿಲ್ಲ. ಇದು ಕತೆಯಾ? ಒಬ್ಬಳನ್ನ ಅಲ್ಲಿ ಬಿಟ್ಟು ಬಂದು ಆರಾಮಾಗಿ ಇರೋಕೆ ಆಗುತ್ತಾ ಯಾರಿಗಾದರೂ?

ಏನು ಹಾಗೆ ನೋಡ್ತೀಯ?

ಆ ಉಪಾಯ ನಾನೇನೂ ಸೀರಿಯಲ್ ನೋಡಿ ಕಲಿತದ್ದಲ್ಲ.

...

ಯಾವ ಉಪಾಯ ಅಂತ ಕೇಳಬೇಡ. ಕೇಳಲಿಲ್ಲ ನೀನು, ಸರಿ. ಶ್ರುತೀ, ಒಳಗೆ ಹೋಗು. ಹೋಗು ಅಂದರೆ ಹೋಗಬೇಕು. ಚಕ್ಕುಲಿ ತಟ್ಟೆ ತಗೊಂಡು ಹೋಗು.

ಹದಿನೈದು ವರ್ಷ ನನಗೆ ಆಗ. ಹಾಜರಿ ಪುಸ್ತಕ ಇಡೋಕೆ ಸಿಸ್ಟರ್ ರೂಮಿಗೆ ಹೋಗ್ತಿದ್ದವಳು ನಾನೊಬ್ಬಳೇ. ಕೀ ತಂದವಳು ನಾನು ಅಂತ ನಿನಗೂ ಗೊತ್ತು. ಅದು ಬಿಡು. ಬೆಳಿಗ್ಗೆ ತಪಾಸಣೆ ಅಂತ ಗಂಟೆ ಹೊಡೆದಾಗ ಕೀ ನನ್ನ ಕೈಯಲ್ಲಿತ್ತು. ನನ್ನ ಟ್ರಂಕಿನ ಮೇಲೆ ತಾತನವರ ಹೆಸರು ಬಣ್ಣದಲ್ಲಿ ಬರೆದಿತ್ತು, ನೆನಪಿದೆಯಾ? ಇಷ್ಟು ದೊಡ್ಡ ಅಕ್ಷರ. ಆ ಹೆಸರಿನ ಕೆಳಗೆ ಅದು ಸಿಗೋ ಹಾಗಿರಲಿಲ್ಲ. ನಿನ್ನ ಟ್ರಂಕು ಪಕ್ಕದಲ್ಲಿತ್ತು. ನೀನು ತಲೆ ಬಾಚಿಕೊಳ್ತಿದ್ದೆ. ಮಡಿಸಿದ ಸ್ಕರ್ಟಿನ ಮಡಿಕೆಯೊಳಗೆ... ಅಷ್ಟೇ. ಎರಡು ಸೆಕೆಂಡಿನ ಕೆಲಸ. ಬೈದು ಬಿಡ್ತಾರೆ ಅಂದುಕೊಂಡೆ. ಮನೆಗೆ ಕಳಿಸ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಅಳ್ತಾ ಇಲ್ಲ ನಾನು. ಕನ್ನಡಕ ಒರೆಸಿಕೊಳ್ತಾ ಇದ್ದೀನಿ.

ಅದಕ್ಕೇ ಹದಿಮೂರನೇ ಕಾಗದ ಬರೆದದ್ದು. ಕ್ಯಾಪ್ಟನ್ ವಾಪಸ್ ಹೋಗ್ತಾನೆ. ಲಾಟೀನು ಕಾಣುತ್ತೆ. ಅವಳ ಮುಂದೆ ನಿಂತು ‘ಬಾಗಿಲು ತೆಗೆದದ್ದು ನಾನು’ ಅಂತಾನೆ. ಅದಕ್ಕಿಂತ ಬಿಡಿಸಿ ಹೇಗೆ ಹೇಳಬೇಕಿತ್ತು? ನಿನಗೆ ಅದು ಅರ್ಥವೇ ಆಗಲಿಲ್ಲ. ‘ಕತೆ ಬಹಳ ಚೆನ್ನಾಗಿ ಮುಗೀತು, ಥ್ಯಾಂಕ್ಸ್ ಗೌರಾ’ ಅಂತ ಒಂದು ಕಾರ್ಡು ಬರೆದೆ. ಮುಂದಿನ ವರ್ಷ ನಿನ್ನ ಮದುವೆಗೆ ಬೆಳ್ಳಿ ಕುಂಕುಮದ ಬಟ್ಟಲು ತಂದೆ ನಾನು. ಆವತ್ತೂ ನೀನು ಏನೂ ಕೇಳಲಿಲ್ಲ.

ಏನದು? ಯಾಕೆ ಅದನ್ನ ಟೀಪಾಯಿ ಮೇಲೆ ಇಡ್ತೀಯ? ನಾನೇ ಬರೆದದ್ದು, ನಾನೇ ಓದಬೇಕಾ? ...ಇದು ಮೊದಲನೇದು. ‘ಪ್ರಿಯ ಪುಷ್ಪಾ, ಪರ್ಪೆಟುವಾದ ಎಂಜಿನ್ ರೂಮಿನಲ್ಲಿ ಒಂದು ಪುಟ್ಟ ಗಾಜಿನ ಕಿಟಕಿ ಇದೆ. ಅದರ ಮೂಲಕ ಥರ್ಮಾಮೀಟರ್ ನೋಡಬೇಕು. ಮೊದಲೆರಡು ದಿನ ತೊಂಬತ್ತು ಡಿಗ್ರಿ ದಾಟಿಸಬಾರದು. ಅವಸರ ಮಾಡಿದರೆ ಒಳಗಿರೋದೆಲ್ಲ ಕಪ್ಪಾಗುತ್ತದೆ...’

ಈ ಪೆನ್ಸಿಲ್ ಗುರುತು ಯಾರದ್ದು?

ತೊಂಬತ್ತನ್ನ ಹೊಡೆದು ತೊಂಬತ್ತೈದು ಮಾಡಿದ್ದೀಯ. ಪಕ್ಕದಲ್ಲಿ... ‘ನಮ್ಮ ಬ್ಯಾರನ್.’ ಕೆಳಗೆ ತಾರೀಖು. ಕಾಗದ ಕೈಗೆ ಸಿಕ್ಕಿದ ದಿನದ್ದೇ ಇರಬೇಕು.

ಅಯ್ಯೋ. ನಿಮ್ಮ ತಂದೆಯವರ ಪಕ್ಕ ಆ ಕಿಟಕಿ ಹತ್ತಿರ ಕೂತುಕೊಂಡೇ ಓದಿದೆಯಾ ಇದನ್ನ? ಒಲೆಗೆ ಸೌದೆ ಹಾಕ್ತಾ?

ನನಗೆ ಬೇರೆ ಎಂಜಿನ್ ಗೊತ್ತಿರಲಿಲ್ಲ ಕಣೇ. ತಾತನವರ ಜೊತೆ ಹೋದಾಗ ನೋಡಿದ್ದು ಅದೊಂದೇ. ಅಂದರೆ... ಮೊದಲನೇ ಕಾಗದದಲ್ಲೇ ಗೊತ್ತಾಯ್ತಾ? ಆಮೇಲೂ ಹನ್ನೆರಡು ಸಲ ‘ಮುಂದೇನಾಯ್ತು?’ ಅಂತ ಬರೆದೆಯಾ? ಗೊತ್ತಿದ್ದೂ?

ಇನ್ನೊಂದು ಯಾಕೆ ಕೊಡ್ತೀಯ? ಬೇಡ. ಹದಿಮೂರನೇದು ನನಗೆ ಬಾಯಿಪಾಠ ಬರುತ್ತೆ.

ಕೊಡು ಇಲ್ಲಿ.

‘ಬಾಗಿಲು ತೆಗೆದದ್ದು ನಾನು.’ ಇದು ನನ್ನ ಅಕ್ಷರ. ಪಕ್ಕದಲ್ಲಿ ಇದು ನಿನ್ನದು. ಪೆನ್ಸಿಲ್ಲು ಮಾಸಿದೆ, ಆದರೂ ಓದೋಕೆ ಬರುತ್ತೆ.

‘ಗೊತ್ತು.’

ಒಂದೇ ಪದ. ಅದನ್ನ ಕಾಗದದ ಅಂಚಿಗೆ ಹೇಳಿದೆ. ಗೆದ್ದಲಿಗೆ ಹೇಳಿದೆ. ನನಗೆ ಹೇಳಲಿಲ್ಲ.

ಮೂವತ್ತೊಂಬತ್ತು ವರ್ಷ, ಪುಷ್ಪಾ. ಯುಗಾದಿಗೆ ಬಂದೆ, ನನ್ನ ಮಗಳ ಬಾಣಂತನಕ್ಕೆ ಬಂದೆ, ನಮ್ಮ ಮನೆಯವರು ತೀರಿಕೊಂಡಾಗ ಮೂರು ವಾರ ಇದ್ದೆ. ಪ್ರತಿ ಸಲ ನೀನು ಗೇಟು ತೆಗೆದಾಗಲೂ ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂದುಕೊಂಡೇ ನಾನು ಕಾಫಿ ಬೆರೆಸಿದ್ದೀನಿ. ನೀನು ಎಲ್ಲ ಗೊತ್ತಿದ್ದುಕೊಂಡು ಸಕ್ಕರೆ ಒಂದು ಚಮಚ ಸಾಕು ಅಂತಿದ್ದೆ. ಇದು ಯಾವ ಊರಿನ ನ್ಯಾಯ? ಒಂದು ಸಲ ಬೈದಿದ್ದರೆ ಆವತ್ತೇ ಮುಗಿದುಹೋಗ್ತಿತ್ತು.

ಎದ್ದೆಯಾ? ಬಸ್ಸಿಗೆ ಇನ್ನೂ ಹೊತ್ತಿದೆ. ಕೂತುಕೋ. ಬ್ಯಾಗು ಕೆಳಗಿಡು.

ಇಂಗ್ಲೆಂಡಿನವರ ವಿಷಯ ಹಾಗಿರಲಿ. ನಾನು ಹೇಳಬೇಕಾದದ್ದು ನಾನು ಹೇಳ್ತೀನಿ. ನಮ್ಮ ಮನೆತನದಲ್ಲಿ ಯಾರೂ ಬಾಕಿ ಉಳಿಸಿಕೊಂಡವರಲ್ಲ. ಆದರೆ ಗೊತ್ತಿದ್ದೂ ಸುಮ್ಮನಿದ್ದೆಯಲ್ಲ, ಅದಕ್ಕೆ...

ಮೊದಲು ನೀನು ಕ್ಷಮೆ ಕೇಳು.