‘ಒಂದ್ನಿಮಿಷ’ದ ಬಗ್ಗೆ ನಾಲ್ಕು ಮಾತು

ನಮ್ಮ ಗಾನಮಂದಾರ ಸಭಾದ ಅಧ್ಯಕ್ಷರಾದ ಶ್ರೀ ನಂದಕುಮಾರ್ ಅವರೇ, ಇಂದಿನ ಸನ್ಮಾನಿತರಾದ ಶಿಲ್ಪಶ್ರೀ ಅವರೇ, ಮುಂದಿನ ಎರಡು ಸಾಲು ಖಾಲಿ ಬಿಟ್ಟು ಫ್ಯಾನಿನ ಕೆಳಗೇ ಕೂತಿರುವ ಜಯನಗರದ ಸಭಿಕರೇ,

ಕಾರ್ಯದರ್ಶಿ ಭಾರ್ಗವ ಅವರಿಂದ ಅಭಿನಂದನಾ ನುಡಿ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಆ ಭಾರ್ಗವ ನಾನೇ. ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಕಾಫಿ ತಡವಾದರೆ ಮಾತ್ರ ಹೆಚ್ಚಿಗೆ ಮಾತಾಡಿ ಅಂತ ಅಧ್ಯಕ್ಷರು ಹೇಳಿದ್ದಾರೆ.

ಶಿಲ್ಪಶ್ರೀ ಮಾಡಿರುವ ತಂತ್ರಾಂಶದ ಹೆಸರು ‘ಒಂದ್ನಿಮಿಷ’. ನಮ್ಮೂರಲ್ಲಿ ಒಂದ್ನಿಮಿಷ ಅಂತ ಹೋದವರು ಅರ್ಧ ಗಂಟೆ ಬರುವುದಿಲ್ಲ. ಇದು ಹಾಗಲ್ಲ. ಕಂಪ್ಯೂಟರಿಗೆ ಬರಹದಲ್ಲೇ ಆದೇಶ ಕೊಡುವ ಒಂದು ಕಪ್ಪು ಪರದೆ ಇರುತ್ತದೆ. ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ಯಾಕೆ ಅಂತ ಕೇಳುವುದಿಲ್ಲ, ನಾಳೆ ಬನ್ನಿ ಅನ್ನುವುದಿಲ್ಲ. ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿದ್ದ ನಾನು ಇದನ್ನು ನಂಬುವುದು ಹೇಗೆ? ಕಷ್ಟ ಏನೆಂದರೆ, ಅರ್ಧ ಟೈಪ್ ಮಾಡಿದ ಆದೇಶವನ್ನೂ ಆ ಕಪ್ಪು ಪರದೆ ಪೂರ್ತಿ ಶ್ರದ್ಧೆಯಿಂದ ಪಾಲಿಸಿಬಿಡುತ್ತದೆ. ‘ಒಂದ್ನಿಮಿಷ’ ಹಾಗೆ ಬಿಡುವುದಿಲ್ಲ. ಏನು ಮಾಡಬೇಕು, ಯಾವುದಕ್ಕೆ ಮಾಡಬೇಕು ಎಂದು ಒಂದೊಂದಾಗಿ ಕೇಳಿ ಆದೇಶವನ್ನು ಕಟ್ಟುತ್ತದೆ. ಅಳಿಸುವುದಾದರೆ ಏನೇನು ಹೋಗುತ್ತದೆಂದು ತೋರಿಸಿ, ಅದರ ಹೆಸರನ್ನು ನಮ್ಮ ಕೈಯಲ್ಲೇ ಟೈಪ್ ಮಾಡಿಸುತ್ತದೆ. ಬಿಟಿಎಂ ಲೇಔಟಿನ ಎಷ್ಟೋ ಆಫೀಸುಗಳಲ್ಲಿ ಈಗ ಇದನ್ನೇ ಬಳಸುತ್ತಾರಂತೆ.

ಮೂರು ವರ್ಷದ ಹಿಂದೆ ಈಕೆ ನಮ್ಮ ಸಭಾದಲ್ಲೇ ಕೆಲಸಕ್ಕಿದ್ದರು. ಉತ್ತರಹಳ್ಳಿಯಿಂದ ಎರಡು ಬಸ್ ಹಿಡಿದು ಬರುತ್ತಿದ್ದರು. ನಮ್ಮ ಹಳೆಯ ಸಂಗೀತ ಕಛೇರಿಗಳ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ. ಅದರಲ್ಲಿ ನನ್ನ ಹೆಂಡತಿ ಮೈತ್ರೇಯಿ ಹಾಡಿದ ಹನ್ನೊಂದು ನಿಮಿಷವೂ ಇತ್ತು. ಆಕೆ ವೇದಿಕೆ ಹತ್ತಿದ್ದು ಒಂದೇ ಸಲ, ಅವತ್ತಿನ ಗಾಯಕರ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ. ಆಕೆ ತೀರಿಕೊಂಡ ಮೇಲೆ ಪ್ರತಿ ಗುರುವಾರ ಇಲ್ಲಿಗೆ ಬಂದು ಕೇಳುತ್ತಿದ್ದೆ. ಏರಿಸಿ ಆದ ಮೇಲೆ ಕ್ಯಾಸೆಟ್ಟು ಯಾಕೆ, ಜಾಗ ಇಲ್ಲ, ಗುಜರಿಗೆ ಹಾಕಿ ಅಂದವನೂ ನಾನೇ.

ಆ ವರ್ಷ ಆಯುಧಪೂಜೆಯ ದಿನ ಈಕೆ ಕೂತು, ಎರಡೆರಡಾಗಿದ್ದ ಪ್ರತಿಗಳನ್ನು ಅಳಿಸುವ ಆದೇಶ ಟೈಪ್ ಮಾಡುತ್ತಿದ್ದರು. ‘ರಾಹುಕಾಲ ಬರುತ್ತೆ, ಏಳಮ್ಮ’ ಅಂದೆ. ‘ಸಾರ್, ಅರ್ಧ ಟೈಪ್ ಮಾಡಿದೀನಿ, ಯಾವ್ದು ಅಳಿಸ್ಬೇಕು ಅಂತ ಇನ್ನೂ ಹಾಕಿಲ್ಲ. ಕೀಬೋರ್ಡ್ ಮುಟ್ಬೇಡಿ’ ಅಂದರು. ಮುಟ್ಟದೆ ಪೂಜೆ ಮಾಡುವುದು ಹೇಗೆ ಸ್ವಾಮಿ? ಈಕೆಯನ್ನು ಎಬ್ಬಿಸಿ, ಕೀಬೋರ್ಡಿಗೆ ಗಂಧ ಹಚ್ಚಿದೆ. ಕುಂಕುಮ ಇಡಲು ಜಾಗ ಬೇಕಲ್ಲ, ಬಲಗಡೆ ಒಂದು ಅಗಲವಾದ ಕೀ ಇತ್ತು, ಅದಕ್ಕೆ ಒತ್ತಿ ಇಟ್ಟೆ.

ವಿಜಯದಶಮಿಯ ಮಾರನೇ ದಿನ ನೋಡಿದರೆ ಒಂದು ಹಾಡೂ ಇರಲಿಲ್ಲ. ವಿಚಾರಣೆಗೆ ಮೂವರ ಸಮಿತಿ ಆಯಿತು. ಮುಖ್ಯಸ್ಥ ನಾನು. ಎಂಟರ್ ಕೀ ಮೇಲಿದ್ದ ಕುಂಕುಮವನ್ನೂ ವರದಿಯಲ್ಲಿ ನಮೂದಿಸಿದೆವು, ಪೂಜೆ ಶಾಸ್ತ್ರೋಕ್ತವಾಗಿ ನಡೆದಿದೆ ಎಂಬುದಕ್ಕೆ ಸಾಕ್ಷಿಯಾಗಿ. ಈಕೆಯನ್ನು ಕೆಲಸದಿಂದ ತೆಗೆದೆವು. ಬೇರೆ ಕಡೆಯವರು ಫೋನ್ ಮಾಡಿ ವಿಚಾರಿಸಿದಾಗಲೆಲ್ಲ, ಜವಾಬ್ದಾರಿ ಇಲ್ಲದ ಹುಡುಗಿ ಅಂತ ಹೇಳಿದೆ. ಎರಡು ವರ್ಷ ಈಕೆಗೆ ಎಲ್ಲೂ ಕೆಲಸ ಸಿಗಲಿಲ್ಲ.

ಈ ಸಲ ಸಭಾದ ಆಡಳಿತ ಸಮಿತಿಯ ಹೊಸಬರು ಸನ್ಮಾನ ಮಾಡೋಣ ಅಂದರು. ಕರೆಯಲು ನಾನೇ ಹೋದೆ. ಈಕೆ ತಂತ್ರಾಂಶ ತೋರಿಸಿದರು. ಎಲ್ಲ ಸರಿ, ಹೆಸರು ಯಾಕೆ ಟೈಪ್ ಮಾಡಿಸುತ್ತೆ ಅಂತ ಕೇಳಿದೆ.

‘ಕುಂಕುಮಕ್ಕೆ ಟೈಪ್ ಮಾಡಕ್ಕೆ ಬರಲ್ವಲ್ಲ ಸಾರ್’ ಅಂದರು.

‘ಇದನ್ನ ಆಗ್ಲೇ ಯಾಕಮ್ಮ ಹೇಳ್ಲಿಲ್ಲ?’ ಅಂದೆ.

‘ಹೇಳಿದ್ದೆ ಸಾರ್. ನಿಮ್ ವರದೀಲೇ ಇದೆ.’

ಮನೆಗೆ ಬಂದು ತೆಗೆದು ನೋಡಿದೆ. ಮೂರನೇ ಪುಟ, ನನ್ನದೇ ಕೈಬರಹ. ‘ನೌಕರರು ತಮ್ಮ ತಪ್ಪನ್ನು ಪೂಜೆಯ ಮೇಲೆ ಹೊರಿಸುತ್ತಿದ್ದಾರೆ. ಹೇಳಿಕೆಯನ್ನು ಪರಿಗಣಿಸಿಲ್ಲ.’

ಸಭಿಕರೇ, ಮೈತ್ರೇಯಿಯ ದನಿ ಅಳಿಸಿದ್ದು ನನ್ನ ಬೆರಳು. ಸಿಟ್ಟು ತೀರಿಸಿಕೊಳ್ಳಲು ನನಗೆ ಯಾರಾದರೂ ಬೇಕಿತ್ತು, ಈಕೆ ಸಿಕ್ಕರು. ನನಗೆ ನಾಚಿಕೆಯಾಗುತ್ತಿದೆ. ಅಧ್ಯಕ್ಷರೇ, ಇದು ಕಾರ್ಯಕ್ರಮದ ಪಟ್ಟಿಯಲ್ಲಿಲ್ಲ, ಗೊತ್ತು. ಆ ವರದಿಯನ್ನು ರದ್ದು ಮಾಡಿ, ತಪ್ಪು ಕಾರ್ಯದರ್ಶಿಯದು ಎಂದು ಇವತ್ತಿನ ನಡಾವಳಿಯಲ್ಲಿ ಬರೆಸಿ.

ಶಿಲ್ಪಶ್ರೀ ಅವರೇ, ಮೈಕಿನಲ್ಲಿ ಕ್ಷಮೆ ಕೇಳುವುದು ನನಗೆ ಸುಲಭ. ಇಷ್ಟು ಜನರ ಎದುರು, ಕ್ಷಮಿಸಕ್ಕೆ ಆಗಲ್ಲ ಅನ್ನುವುದು ನಿಮಗೆ ಕಷ್ಟ. ಅದಕ್ಕೇ ಇಲ್ಲಿ ಕೇಳುವುದಿಲ್ಲ. ನಾಳೆ ನಿಮ್ಮ ಮನೆಗೆ ಬರುತ್ತೇನೆ. ಅಲ್ಲಿ ಆಗಲ್ಲ ಅನ್ನಬಹುದು.

ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ವಂದನೆಗಳು. ನಮಸ್ಕಾರ.