ಹೊಳೆ ನೀರಿನ ಡಂಗುರ

ಕಣ್ಣಿಗೆ ಕಾಣದ್ದನ್ನು ಇದೆ ಎಂದರೆ ಯಾರು ನಂಬುತ್ತಾರೆ? ಯಾದಗಿರಿಯ ಬಸ್ ನಿಲ್ದಾಣದಲ್ಲಿ ಖಾಲಿ ಸೀಸೆಗಳ ಪೆಟ್ಟಿಗೆಯ ಪಕ್ಕ ಕೂತ ಸರಕಾರಿ ನೀರು ಪರೀಕ್ಷಕ ಭಗವಂತರಾಯನಿಗೆ ಅದೇ ಯೋಚನೆ. ಭೀಮಾ ದಂಡೆಯ ಊರೊಂದರಲ್ಲಿ ಕಾಮಾಲೆ ಹಬ್ಬಿತ್ತು. ಹೊಳೆ ನೀರನ್ನು ಪರೀಕ್ಷಿಸಿದ ಅವನು ಕಾಲರಾ ಕ್ರಿಮಿ ಇಲ್ಲ ಎಂದಷ್ಟೇ ತಿಳಿಸಿದ್ದ. ಡಂಗುರ ಹೊಡೆದವನು ನೀರು ಚಲೋ ಇದೆ ಎಂದು ಸಾರಿಬಿಟ್ಟಿದ್ದ. ಈಗ ಅದೇ ಊರಿನ ಭೀಮವ್ವ, ಶೇಖಮ್ಮ ಅವನ ಬೆನ್ನ ಹಿಂದೆಯೇ ನಿಂತು ಮಾತಾಡುತ್ತಿದ್ದರು.

“ಎಲ್ಲಿಗಿ ಹೊಂಟೀಯಕ್ಕಾ?” ಎಂದಳು ಶೇಖಮ್ಮ.

“ಬಳಿಚಕ್ರಕ್ಕ. ಮಗಳಿಗಿ ಏಳು ತುಂಬ್ಯಾವ. ಚೊಚ್ಚಲ ಬಾಣಂತನ ತವರಾಗ ಆಗಬೇಕಲ್ಲ.”

“ನಮ್ಮೂರಾಗ ಕಾಮಣಿ ಅದಲ್ಲ. ಅಲ್ಲಿ ಬಾವಿ ನೀರರ ಅದಾವ.”

“ನಮ್ಮ ಬೀಗತಿನೂ ಹಂಗ ಅಂತಾಳ. ನೀ ಡಂಗುರ ಕೇಳಿಲ್ಲೇನು? ಸರಕಾರದವ್ರು ದುರ್ಬೀನ ಹಾಕಿ ನೋಡ್ಯಾರ.”

“ಹೌದು ಬಿಡು. ನಿಜಾಮನ ಕಾಲದಾಗ ನಮ್ಮ ಹೊಳಿ ಯಾರು ನೋಡಿದ್ರು?”

“ನೋಡಾಕ ಬಂದಾಂವ ಗೌಡರ ಮನ್ಯಾಗ ಹಾಲು ಕುಡದನಂತ. ನೀರು ಕೊಟ್ರ ಮಾತ್ರ ಒಲ್ಲೆ ಅಂದನಂತ.”

“ಪ್ಯಾಟಿ ಮಂದಿ, ಹೊಟ್ಟಿ ನಾಜೂಕು!”

ಇಬ್ಬರೂ ನಕ್ಕರು. ಭಗವಂತರಾಯ ತಲೆ ತಗ್ಗಿಸಿದ. ಬಳಿಚಕ್ರದ ಬಸ್ಸು ಬಂತು.

“ನಾಳಿಗೇ ಕರಕೊಂಡು ಬರ್ತೀನವ್ವ,” ಎಂದು ಭೀಮವ್ವ ಹತ್ತಿದಳು. ಶೇಖಮ್ಮ ಸಂತೆಯ ಕಡೆ ನಡೆದಳು.

ಕಾಮಾಲೆಯ ವೈರಸ್ಸು ತನ್ನ ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದೇ ಅಲ್ಲ, ಬಸುರಿಯರಿಗೆ ಅದು ಜೀವಕ್ಕೇ ಕುತ್ತು, ಮಗಳನ್ನು ಕರೆತರಬೇಡ ಎಂದು ಭಗವಂತರಾಯ ಅವಳಿಗೆ ಹೇಳಲೇ ಇಲ್ಲ.